ಗೋಡೆಗೆ ನೇತುಹಾಕಿದ ಬೀಗದ ಕೈ

ದಾವಣಗೆರೆಯ ಚೌಕಿಪೇಟೆಯಿಂದ ಮಂಡಿಪೇಟೆವರೆಗೆ ಒಂದು ಸುತ್ತು ಹಾಕಿ ಬನ್ನಿ. ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟದ ಅಂಗಡಿ ಒಂದೆರಡು ಸಿಕ್ಕಾವು. ಗಲ್ಲಾದ ಮುಂದೆ ಕಪ್ಪು-ಬಿಳಿ ಚೌಕುಳಿ ಚಿತ್ರ ಇಡದ ಅಂಗಡಿ ಸಿಗುವುದು ಕಷ್ಟ. ತರಕಾರಿ ಗಾಡಿಗೂ ಅದೇ, ಎಳನೀರಿನವನ ಸೈಕಲ್ಲಿಗೂ ಅದೇ, ಬಸ್ ಕಂಡಕ್ಟರ ಕೈಯ ಟಿಕೆಟ್ ಯಂತ್ರದಲ್ಲೂ ಅದೇ. ಅದರ ನಿಜ ಹೆಸರು ಕ್ಯೂಆರ್ ಕೋಡ್. ನಮ್ಮ ಜನ ಇಟ್ಟ ಹೆಸರು 'ಸ್ಕ್ಯಾನರ್'. "ಅಣ್ಣಾ, ಸ್ಕ್ಯಾನರ್ ಎಲ್ಲೈತಿ?" ಅಂತಲೇ ಕೇಳ್ತಾರೆ. ಸ್ಕ್ಯಾನ್ ಮಾಡೋದು ಫೋನು, ಮಾಡಿಸಿಕೊಳ್ಳೋದು ಚಿತ್ರ. ಇರಲಿ ಬಿಡಿ, ಹೆಸರು ಯಾವುದಾದರೇನು, ದುಡ್ಡು ಬಂದರಾಯಿತು.

ಈಗ ಆ ದುಡ್ಡಿನ ಚೌಕುಳಿಯ ಪಕ್ಕಕ್ಕೆ ಇನ್ನೊಂದು ಚೌಕುಳಿ ಬಂದು ಕೂತಿದೆ. ಹೋಟೆಲು, ಲಾಡ್ಜು, ಬಟ್ಟೆ ಅಂಗಡಿ, ಕ್ಷೌರದಂಗಡಿ, ಡಾಕ್ಟರ ಕ್ಲಿನಿಕ್ಕು ಎಲ್ಲೆಂದರಲ್ಲಿ. ಕೆಳಗೆ 'ವೈಫೈ' ಅಂತ ಬರೆದಿರುತ್ತದೆ. ಫೋನಿನ ಕ್ಯಾಮೆರಾ ತೋರಿಸಿದರೆ ಸಾಕು, ಅಂಗಡಿಯವರ ಇಂಟರ್‌ನೆಟ್ಟು ನಮ್ಮ ಫೋನಿಗೆ ಬಂದುಬಿಡುತ್ತದೆ. ಒಂದಕ್ಷರ ಟೈಪು ಮಾಡಬೇಕಿಲ್ಲ, ಯಾರ ಬಾಯಿಯನ್ನೂ ಕಾಯಬೇಕಿಲ್ಲ.

ಅನುಕೂಲವೇನೋ ಹೌದು ಸ್ವಾಮಿ. ಆದರೆ ಈ ಎರಡು ಚೌಕುಳಿಗಳು ನೋಡೋಕೆ ಅಣ್ಣತಮ್ಮಂದಿರಂತಿದ್ದರೂ ಗುಣ ಬೇರೆ ಬೇರೆ. ದುಡ್ಡಿನ ಚೌಕುಳಿಯನ್ನು ಯಾರು ಕದ್ದು ಫೋಟೋ ಹೊಡೆದುಕೊಂಡರೂ ನಿಮಗೆ ದುಡ್ಡು ಕಳಿಸಬಹುದೇ ಹೊರತು ಅದರಿಂದ ನಿಮ್ಮ ಖಾತೆಯ ದುಡ್ಡು ತೆಗೆಯಲಾಗದು. ವೈಫೈ ಚೌಕುಳಿ ಹಾಗಲ್ಲ. ಅದು ನಿಮ್ಮ ಮನೆ ಬೀಗದ ಕೈ. ಬೀಗದ ಕೈಯನ್ನು ಗೋಡೆಗೆ ನೇತುಹಾಕಿ, ಊರವರಿಗೆಲ್ಲ ತೋರಿಸಿ ಕೂತಿದ್ದೇವೆ. ಇವತ್ತಿನ ಮಾತು ಅದರದ್ದು.

ದೊಡ್ಡ ಬಿ-ನೋ, ಸಣ್ಣ ಬಿ-ನೋ?

ಮೊದಲು ಚೌಕುಳಿಗೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಿಸಿಬಿಡೋಣ. ಹಿಂದೆ ಹೇಗಿತ್ತು ನೆನಪಿದೆಯಾ?

"ಸಾವುಕಾರ್ರೆ, ವೈಫೈ ಪಾಸ್‌ವರ್ಡ್ ಏನ್ರಿ?"

"ಬರ್ಕಳ್ಳಿ. ಬಿ, ಎ, ಎಸ್..."

"ದೊಡ್ಡ ಬಿ-ನೋ ಸಣ್ಣ ಬಿ-ನೋ?"

"ದೊಡ್ಡದು. ಆಮೇಲೆ ಸೊನ್ನೆ."

"ಸೊನ್ನೆನೋ, ಓ ಅಕ್ಷರನೋ?"

"ಯಪ್ಪಾ, ನಮ್ಮ ಹುಡುಗ ಊಟಕ್ಕೋಗ್ಯಾನೆ, ಬಂದಮೇಲೆ ಕೇಳ್ರಿ."

ಅಷ್ಟರಲ್ಲಿ ಗಿರಾಕಿಯ ಬಸ್ಸು ಹೊರಟಿರುತ್ತಿತ್ತು. ಈ ಜಂಜಾಟದಿಂದ ಪಾರು ಮಾಡಿದ್ದು ಚೌಕುಳಿ. ಇಂಗ್ಲಿಷ್ ಅಕ್ಷರ ಬಾರದ ಅಜ್ಜನೂ, ಕೀಲಿಮಣೆ ಕಾಣದಷ್ಟು ಕಣ್ಣು ಮಂಜಾದ ಅಜ್ಜಿಯೂ ಕ್ಯಾಮೆರಾ ಹಿಡಿಯಬಲ್ಲರು. ಇದು ಸಣ್ಣ ಉಪಕಾರವಲ್ಲ.

ಈ ಚೌಕುಳಿ ಹುಟ್ಟಿದ್ದು 1994ರಲ್ಲಿ, ಜಪಾನಿನಲ್ಲಿ. ಟೊಯೋಟಾ ಬಳಗದ ಡೆನ್ಸೊ ಕಂಪನಿಯ ಎಂಜಿನಿಯರ್ ಮಸಾಹಿರೊ ಹರಾ ಮತ್ತು ಅವರ ಜೊತೆಗಾರರು ಮಾಡಿದ್ದು. ವೈಫೈಗೂ ಅಲ್ಲ, ದುಡ್ಡಿಗೂ ಅಲ್ಲ. ಕಾರ್ಖಾನೆಯಲ್ಲಿ ಮೋಟಾರು ಬಿಡಿಭಾಗಗಳ ಲೆಕ್ಕ ಇಡುವುದಕ್ಕೆ. ಅಲ್ಲಿಯವರೆಗೆ ಇದ್ದ ಗೆರೆಗೆರೆಯ ಬಾರ್‌ಕೋಡಿಗೆ ಇಪ್ಪತ್ತು ಅಕ್ಷರದ ಆಸುಪಾಸು ಹಿಡಿಸುತ್ತಿತ್ತು. ಒಂದೇ ಪೆಟ್ಟಿಗೆಗೆ ಹಲವು ಬಾರ್‌ಕೋಡು ಅಂಟಿಸಿ, ಒಂದೊಂದನ್ನೇ ಓದಿಸಿ ಕೆಲಸಗಾರರು ಬೇಸತ್ತಿದ್ದರು. ಕಪ್ಪು-ಬಿಳಿ ಕಾಯಿಗಳ 'ಗೋ' ಎಂಬ ಮಣೆಯಾಟದಿಂದ ಹರಾ ಅವರಿಗೆ ಚೌಕುಳಿಯ ಹೊಳಹು ಸಿಕ್ಕಿತಂತೆ. ಅಡ್ಡಕ್ಕೂ ಬರೆ, ಉದ್ದಕ್ಕೂ ಬರೆ; ಅತಿ ದೊಡ್ಡ ಚೌಕುಳಿಯಲ್ಲಿ 7,089 ಅಂಕಿಗಳವರೆಗೆ ತುಂಬಬಹುದು. ಮೂರು ಮೂಲೆಯಲ್ಲಿರುವ ದೊಡ್ಡ ಚೌಕಗಳು ಯಂತ್ರಕ್ಕೆ 'ನಾನು ಇಲ್ಲಿದ್ದೇನೆ, ಹೀಗೆ ತಿರುಗಿದ್ದೇನೆ' ಅಂತ ಹೇಳುವ ಗುರುತು. ಅದಕ್ಕೇ ತಲೆಕೆಳಗೆ ಹಿಡಿದರೂ ಓದುತ್ತದೆ. ಮಾಡುವಾಗಲೇ ತಕ್ಕ ದರ್ಜೆ ಆರಿಸಿಕೊಂಡರೆ ಶೇಕಡಾ 30ರಷ್ಟು ಭಾಗ ಹಾಳಾದರೂ ಓದುವಂತೆ ಮಾಡಬಹುದು. ಮಿರ್ಚಿ ಎಣ್ಣೆ ಮೆತ್ತಿದ ಖಾನಾವಳಿಯ ಚೌಕುಳಿಯೂ ಕೆಲಸ ಮಾಡುವುದರ ಗುಟ್ಟು ಇದು.

ಇನ್ನೊಂದು ಮಾತು. ಆ ಕಂಪನಿ ಪೇಟೆಂಟ್ ಇಟ್ಟುಕೊಂಡಿದ್ದರೂ ಅದರ ಹಕ್ಕು ಚಲಾಯಿಸದೆ, ಜಗತ್ತಿಗೆ ಬಳಸಲು ಬಿಟ್ಟಿತು. ಅದಕ್ಕೇ ಎಳನೀರಿನವನ ಸೈಕಲ್ಲಿನವರೆಗೆ ಬಂತು. ಕಾಸು ಕೇಳಿದ್ದರೆ ಕಾರ್ಖಾನೆಯ ಗೇಟು ದಾಟುತ್ತಿತ್ತೋ ಇಲ್ಲವೋ.

ಚೌಕುಳಿಯ ಹೊಟ್ಟೆಯಲ್ಲಿ ಏನಿದೆ?

ಬಹಳ ಜನ ತಿಳಿದುಕೊಂಡಿರುವುದು ಹೀಗೆ: ಚೌಕುಳಿ ಅಂದರೆ ಏನೋ ಗುಪ್ತ ಲಿಪಿ, ಪಾಸ್‌ವರ್ಡ್ ಬಾಯಲ್ಲಿ ಹೇಳಿದರೆ ಅಪಾಯ, ಚೌಕುಳಿ ಅಂಟಿಸಿದರೆ ಭದ್ರ. ಇದು ಪೂರಾ ತಲೆಕೆಳಗು.

ವೈಫೈ ಚೌಕುಳಿಯ ಹೊಟ್ಟೆಯಲ್ಲಿರುವುದು ಮುಖ್ಯವಾಗಿ ನಾಲ್ಕೇ ಮಾತು. ಒಂದು, 'ಇದು ವೈಫೈ' ಅನ್ನುವ ಗುರುತು. ಎರಡು, ಬೀಗ ಯಾವ ಜಾತಿಯದ್ದು ಅನ್ನುವುದು. ಮೂರು, ನಿಮ್ಮ ವೈಫೈ ಹೆಸರು. ನಾಲ್ಕು, ನಿಮ್ಮ ಪಾಸ್‌ವರ್ಡ್. ಅದೂ ಹೇಗಿದೆಯೋ ಹಾಗೆ, ಬಿಡಿ ಅಕ್ಷರಗಳಲ್ಲಿ. ಮುಚ್ಚುಮರೆ ಏನೂ ಇಲ್ಲ. ಪುಕ್ಕಟೆ ಸಿಗುವ ಯಾವುದೇ ಸ್ಕ್ಯಾನ್ ಆಪ್‌ನಲ್ಲಿ ಓದಿಸಿದರೆ ಪಾಸ್‌ವರ್ಡ್ ಕಣ್ಣೆದುರು ಬರುತ್ತದೆ. ಎಷ್ಟೋ ಫೋನುಗಳಲ್ಲಿ ವೈಫೈ ಹಂಚಿಕೊಳ್ಳಲು ಹೋದರೆ ಚೌಕುಳಿಯ ಕೆಳಗೇ ಪಾಸ್‌ವರ್ಡ್ ಅಚ್ಚಾಗಿ ಬಂದಿರುತ್ತದೆ, ನೋಡಿ ಬೇಕಾದರೆ.

ಅಂದಮೇಲೆ ಗೋಡೆಗೆ ಚೌಕುಳಿ ಅಂಟಿಸುವುದೂ ಒಂದೇ, ಪಾಸ್‌ವರ್ಡನ್ನು ಪೇಂಟರ್ ಕೈಲಿ ದೊಡ್ಡ ಅಕ್ಷರದಲ್ಲಿ ಬರೆಸುವುದೂ ಒಂದೇ. ಕಾಫಿ ಕುಡಿಯಲು ಬಂದವನೊಬ್ಬ ಫೋಟೋ ಹೊಡೆದುಕೊಂಡು ಹೋದರೆ, ನಾಳೆಯೂ ಬರುತ್ತಾನೆ, ನಾಡಿದ್ದೂ ಬರುತ್ತಾನೆ. ನಿಮ್ಮ ಅಂಗಡಿಯೊಳಕ್ಕಲ್ಲ, ಅಂಗಡಿಯ ಮುಂದಿನ ಕಟ್ಟೆಗೆ. ನೀವು ಪಾಸ್‌ವರ್ಡ್ ಬದಲಾಯಿಸುವ ತನಕ ಆ ಫೋಟೋ ಜೀವಂತ. ಬದಲಾಯಿಸಿದ ಕ್ಷಣ ಹಳೆ ಚೌಕುಳಿ ಸತ್ತಂತೆ. ಹೊಸದು ಮಾಡಿ ಅಂಟಿಸಬೇಕು. ಇದನ್ನು ತಿಳಿಯದೆ "ನೆಟ್ಟು ಕೆಟ್ಟೈತಿ" ಅಂತ ಕಂಪನಿಯವರಿಗೆ ಫೋನು ಹಚ್ಚುವವರೂ ಇದ್ದಾರೆ.

ಮಾಡುವುದು ಸುಲಭ. ಆಂಡ್ರಾಯ್ಡ್ ಫೋನುಗಳಲ್ಲಿ 2019ರ ಹತ್ತನೇ ಆವೃತ್ತಿಯಿಂದ ಈ ಸೌಕರ್ಯ ಒಳಗೇ ಇದೆ. ಸೆಟ್ಟಿಂಗ್ಸ್‌ಗೆ ಹೋಗಿ, ವೈಫೈ ಒತ್ತಿ, ಸೇರಿಕೊಂಡಿರುವ ಹೆಸರನ್ನು ಮುಟ್ಟಿ, 'ಶೇರ್' ಅಂದರೆ ಬೆರಳಚ್ಚು ಅಥವಾ ಪಿನ್ ಕೇಳಿ ಚೌಕುಳಿ ತೋರಿಸುತ್ತದೆ. ಐಫೋನಿನ ಕ್ಯಾಮೆರಾ ಇಂಥ ಚೌಕುಳಿಯನ್ನು 2017ರಿಂದಲೇ ಓದುತ್ತಿದೆ. ಓದುವುದಕ್ಕೆ ನೆಟ್ಟು ಬೇಕಿಲ್ಲ. ಬೇಕಾದದ್ದೆಲ್ಲ ಚಿತ್ರದಲ್ಲೇ ಇದೆ. ಹಳೇ ಫೋನಿನ ಕ್ಯಾಮೆರಾ ಓದದಿದ್ದರೆ ವೈಫೈ ಪಟ್ಟಿಯ ಹತ್ತಿರ ಚೌಕುಳಿಯ ಸಣ್ಣ ಗುರುತು ಇದೆಯಾ ಹುಡುಕಿ, ಅದನ್ನೊತ್ತಿ ನೋಡಿ.

ಒಳಕೋಣೆಗೂ ಅದೇ ಕೈ

"ಹೋಗ್ಲಿ ಬಿಡ್ರಿ, ಯಾರೋ ಹುಡುಗ ನಾಲ್ಕು ರೀಲ್ ನೋಡಿದ್ರೆ ನಮ್ಮಪ್ಪನ ಗಂಟೇನು ಹೋಗ್ತದೆ?" ಅಂತ ಕೇಳುವ ಉದಾರಿಗಳಿದ್ದಾರೆ. ಉದಾರತನ ಒಳ್ಳೆಯದೇ. ಆದರೆ ಆ ವೈಫೈ ಪೆಟ್ಟಿಗೆಗೆ ಇನ್ನೂ ಯಾರ್‍ಯಾರು ಕಟ್ಟಿಕೊಂಡಿದ್ದಾರೆ ನೋಡಿದ್ದೀರಾ ಸಾವುಕಾರ್ರೆ? ಬಿಲ್ಲು ಮಾಡುವ ಕಂಪ್ಯೂಟರು ಅದಕ್ಕೇ. ಪ್ರಿಂಟರು ಅದಕ್ಕೇ. ಕಳ್ಳನನ್ನು ಹಿಡಿಯಲು ಹಾಕಿಸಿದ ಸಿಸಿ ಕ್ಯಾಮೆರಾದ ಪೆಟ್ಟಿಗೆಯೂ ಅದಕ್ಕೇ. ಆ ಕ್ಯಾಮೆರಾ ಪೆಟ್ಟಿಗೆಗೆ ಅದನ್ನು ಕೂರಿಸಿದ ಹುಡುಗ ಇಟ್ಟು ಹೋದ ಪಾಸ್‌ವರ್ಡನ್ನು ನೀವು ಇವತ್ತಿಗೂ ಬದಲಾಯಿಸಿಲ್ಲ ಅಂತಾದರೆ, ಹೊರಗಿನವನು ಕಟ್ಟೆ ಮೇಲೆ ಕೂತೇ ನಿಮ್ಮ ಗಲ್ಲಾ ನೋಡಬಲ್ಲ. ಅಂಗಡಿಯ ಪಡಸಾಲೆಗೂ, ಒಳಗಿನ ಖಜಾನೆ ಕೋಣೆಗೂ ಒಂದೇ ಬೀಗದ ಕೈ ಮಾಡಿಸಿದ ಹಾಗಾಯಿತು ಇದು.

ಇನ್ನೂ ದೊಡ್ಡ ಭಯ ಬೇರೆ. 2008ರ ಜುಲೈನಲ್ಲಿ ಅಹಮದಾಬಾದಿನಲ್ಲಿ ಬಾಂಬುಗಳು ಸಿಡಿದವು. ಹೊಣೆ ಹೊತ್ತ ಈ-ಮೇಲು ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೋದ ಪೊಲೀಸರು ಮುಟ್ಟಿದ್ದು ನವಿ ಮುಂಬಯಿಯ ಒಂದು ಮನೆಯನ್ನು. ಆ ಮನೆಯಲ್ಲಿದ್ದವರಿಗೂ ಸ್ಫೋಟಕ್ಕೂ ಸಂಬಂಧವಿರಲಿಲ್ಲ. ಅವರ ವೈಫೈಗೆ ಸರಿಯಾದ ಬೀಗವಿರಲಿಲ್ಲ, ಯಾರೋ ಹೊರಗಿನಿಂದ ನುಸುಳಿ ಬಳಸಿಕೊಂಡಿದ್ದರು. ಆದರೂ ತನಿಖೆ ಎದುರಿಸಿದವರು ಮನೆಯವರೇ. ಅದಾದ ಮೇಲೆ 2009ರಲ್ಲಿ ದೂರಸಂಪರ್ಕ ಇಲಾಖೆ, ವೈಫೈ ಬಳಸುವವರು ಯಾರು ಅಂತ ಗುರುತು ಸಿಗುವಂತಿರಬೇಕು ಅಂತ ಇಂಟರ್‌ನೆಟ್ ಕಂಪನಿಗಳಿಗೆ ಸೂಚನೆ ಹೊರಡಿಸಿತು. ರೈಲು ನಿಲ್ದಾಣದ ವೈಫೈ ನಿಮ್ಮ ಮೊಬೈಲ್ ನಂಬರು ಕೇಳಿ ಒಟಿಪಿ ಕಳಿಸುವುದು ಸುಮ್ಮನೆ ಅಲ್ಲ. ಹೊರಗಿನ ಜಗತ್ತಿಗೆ ಕಾಣುವುದು ಸಂಪರ್ಕ ಪಡೆದವರ ವಿಳಾಸ. ಕಟ್ಟೆ ಮೇಲೆ ಕೂತವನು ಬೆದರಿಕೆ ಪತ್ರ ಬರೆದರೂ ಮೊದಲು ಬಾಗಿಲು ಬಡಿಯುವುದು ನಿಮ್ಮದೇ.

ಚೌಕುಳಿ ಮೇಲೊಂದು ಚೌಕುಳಿ

ಇದು ಅಂಗಡಿಯವರ ಕಷ್ಟವಾಯಿತು. ಬಸ್ಸಿನವರ ಕಷ್ಟ ಬೇರೆ.

2025ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೊದಲ್ಲಿ ಏನಾಯಿತು ಗೊತ್ತೇ? ರಾತ್ರೋರಾತ್ರಿ ಅಂಗಡಿಗಳ ದುಡ್ಡಿನ ಚೌಕುಳಿ ಮೇಲೆ ಕಳ್ಳರು ತಮ್ಮ ಚೌಕುಳಿ ಅಂಟಿಸಿ ಹೋದರು. ಬೆಳಗ್ಗೆ ಗಿರಾಕಿಗಳು ಕೊಟ್ಟ ದುಡ್ಡು ಬೇರೆ ಖಾತೆಗೆ ಹೋಯಿತು. ಅಮೆರಿಕದ ಟೆಕ್ಸಾಸಿನ ಆಸ್ಟಿನ್ ನಗರದಲ್ಲೂ 2022ರ ಜನವರಿಯಲ್ಲಿ ಪಾರ್ಕಿಂಗ್ ಯಂತ್ರಗಳ ಮೇಲೆ ಇಂಥದೇ ನಕಲಿ ಚೀಟಿಗಳು ಸಿಕ್ಕವು. ಕಳ್ಳರಿಗೆ ದೇಶವಿಲ್ಲ, ಭಾಷೆಯಿಲ್ಲ.

ದುಡ್ಡಿನ ಚೌಕುಳಿಗೆ ಮಾಡಿದ್ದನ್ನು ವೈಫೈ ಚೌಕುಳಿಗೆ ಮಾಡುವುದು ಇನ್ನೂ ಸುಲಭ, ಯಾಕೆಂದರೆ ಅಲ್ಲಿ ದುಡ್ಡು ಬಂತೆಂದು ಕೂಗಿ ಹೇಳುವ ಡಬ್ಬಿ ಇಲ್ಲ. 'ಉಚಿತ ವೈಫೈ' ಅಂತ ಬಸ್ ನಿಲ್ದಾಣದ ಕಂಬಕ್ಕೆ ಯಾರು ಬೇಕಾದರೂ ಒಂದು ಚೀಟಿ ಅಂಟಿಸಬಹುದು. ಓದಿಸಿದರೆ ವೈಫೈ ಬದಲು ಯಾವುದೋ ಜಾಲತಾಣ ತೆರೆದು, 'ಈ ಆಪ್ ಹಾಕಿಕೊಳ್ಳಿ', 'ಕಾರ್ಡ್ ನಂಬರು ಕೊಡಿ' ಅನ್ನಬಹುದು. ಅಥವಾ ನಿಜವಾಗಿ ವೈಫೈಗೇ ಸೇರಿಸಿ, ಆ ವೈಫೈ ಕಳ್ಳನ ಚೀಲದಲ್ಲಿರಬಹುದು.

ಹಾಗಂತ ಗಾಬರಿ ಬೀಳಬೇಡಿ. ವೈಫೈಗೆ ಸೇರಿದ ಮಾತ್ರಕ್ಕೆ ಬ್ಯಾಂಕಿನ ದುಡ್ಡು ಹಾರಿ ಹೋಗುವುದಿಲ್ಲ. ಬ್ಯಾಂಕಿನ ಆಪ್‌ಗಳು ತಮ್ಮ ಮಾತನ್ನು ತಾವೇ ಮೊಹರು ಹಾಕಿ ಕಳಿಸುತ್ತವೆ. ದಾರಿಯಲ್ಲಿ ನಿಂತವನಿಗೆ ಅದು ಓದಲು ಬರುವುದಿಲ್ಲ. ದುಡ್ಡು ಹೋಗುವುದು ನಾವಾಗಿ ಪಿನ್ ಒತ್ತಿದಾಗ, ಒಟಿಪಿ ಹೇಳಿದಾಗ, ಗೊತ್ತಿಲ್ಲದ ಆಪ್ ಹಾಕಿಕೊಂಡಾಗ. ಆದ್ದರಿಂದ ನೆನಪಿಡಬೇಕಾದ್ದು ಮೂರೇ ಮಾತು. ಚೌಕುಳಿ ಓದಿಸಿದ ಕೂಡಲೇ ಫೋನು ವೈಫೈ ಹೆಸರು ತೋರಿಸಿ 'ಸೇರಲೇ?' ಅನ್ನುತ್ತದೆ, ಆ ಹೆಸರು ಓದಿ, ಅಂಗಡಿಯವರನ್ನು ಕೇಳಿ, ಆಮೇಲೆ ಒತ್ತಿ. ವೈಫೈ ಕೊಡುತ್ತೇನೆಂದು ಆಪ್ ಫೈಲು ಇಳಿಸಿಕೊಳ್ಳಲು ಹೇಳಿದರೆ ಬೇಡ ಅನ್ನಿ. ಯುಪಿಐ ಪಿನ್ ಕೇಳಿದರೆ ಅದು ವೈಫೈಯೇ ಅಲ್ಲ, ಎದ್ದು ನಡೆಯಿರಿ. ದುಡ್ಡು ಹೋಗಿಯೇಬಿಟ್ಟರೆ ನಾಚಿಕೆಪಟ್ಟು ಕೂರಬೇಡಿ, ತಕ್ಷಣ 1930ಕ್ಕೆ ಫೋನು ಮಾಡಿ. ತಡವಾದಷ್ಟೂ ದುಡ್ಡು ದೂರ.

ಹಾಗಾದರೆ ಕಿತ್ತು ಬಿಸಾಡೋಣವೇ?

ಬೇಡ. 2025ರ ಜುಲೈ ಇನ್ನೂ ಮರೆತಿಲ್ಲ. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕೊಟ್ಟಾಗ, ರಾಜ್ಯದಲ್ಲಿ ಎಷ್ಟೋ ಅಂಗಡಿಯವರು ಹೆದರಿ ದುಡ್ಡಿನ ಚೌಕುಳಿ ಕಿತ್ತುಹಾಕಿ 'ನಗದು ಮಾತ್ರ' ಅಂತ ಬೋರ್ಡು ಹಾಕಿದರು. ಕಷ್ಟಪಟ್ಟದ್ದು ಗಿರಾಕಿ, ನಷ್ಟಪಟ್ಟದ್ದು ವ್ಯಾಪಾರಿ. ತಕರಾರು ನೋಟೀಸಿನದು, ಸಿಟ್ಟು ಚಿತ್ರದ ಮೇಲೆ. ವೈಫೈ ಚೌಕುಳಿಗೂ ಅದೇ ಗತಿ ಬರಬಾರದು. ಅದಕ್ಕೂ ತೆರಿಗೆಗೂ ನಂಟಿಲ್ಲ ಅನ್ನುವುದೂ ನೆನಪಿರಲಿ.

"ಈಗ ಎಲ್ಲರ ಫೋನಲ್ಲೂ ನೆಟ್ ಐತಲ್ರಿ, ವೈಫೈ ಯಾರಿಗೆ ಬೇಕು?" ಅನ್ನುವವರು ಕಟ್ಟಡದ ನೆಲಮಾಳಿಗೆಯ ಅಂಗಡಿಗೆ ಹೋಗಿ ನೋಡಬೇಕು. ಸೀರೆ ಆರಿಸಿ ಆಗಿದೆ, ದುಡ್ಡು ಕೊಡಲು ಸಿಗ್ನಲ್ ಇಲ್ಲ. ಗಿರಾಕಿ ಫೋನು ಎತ್ತಿ ಹಿಡಿದು ಬಾಗಿಲವರೆಗೆ ಬರುತ್ತಾರೆ. ಬಂದವರು ಹಾಗೇ ಮುಂದಿನ ಅಂಗಡಿಗೆ ಹೋದರೆ ತಡೆಯುವವರು ಯಾರು? ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯಿಂದ ಕಾಲೇಜಿಗೆ ಬರುವ ಮಕ್ಕಳದ್ದು ಇನ್ನೊಂದು ಕಥೆ. ದಿನದ ಡೇಟಾ ಸಂಜೆಗೆ ಮುಗಿದಿರುತ್ತದೆ, ರೀಚಾರ್ಜಿಗೆ ಅಪ್ಪನ ಸಂಬಳ ಆಗಬೇಕು, ಅರ್ಜಿ ತುಂಬಲು ಇವತ್ತೇ ಕಡೇ ದಿನ. ಅಂಥ ಮಗುವಿಗೆ ಹತ್ತು ನಿಮಿಷದ ವೈಫೈ ಸಿಕ್ಕರೆ ಒಂದು ವರ್ಷ ಉಳಿಯುತ್ತದೆ.

ನಮ್ಮ ಹಿರಿಯರು ಬೇಸಿಗೆ ಬಂದರೆ ಅಂಗಡಿ ಮುಂದೆ ಅರವಟ್ಟಿಗೆ ಇಡುತ್ತಿದ್ದರು. ದಾರಿಹೋಕರಿಗೆ ನೀರು, ಮಜ್ಜಿಗೆ. ಜಾತಿ ಕೇಳುತ್ತಿರಲಿಲ್ಲ, ವ್ಯಾಪಾರ ಮಾಡಿದೆಯಾ ಅಂತಲೂ ಕೇಳುತ್ತಿರಲಿಲ್ಲ. ಆದರೆ ಯಾರನ್ನೂ ಮನೆಯ ಬಾವಿಗೆ ಇಳಿಸುತ್ತಿರಲಿಲ್ಲ. ಹೊರಗೆ ಬೇರೆ ಮಡಕೆ, ಬೇರೆ ಲೋಟ. ವೈಫೈಗೂ ಅದೇ ಪದ್ಧತಿ ಸಾಕು. ಈಗಿನ ಬಹುತೇಕ ವೈಫೈ ಪೆಟ್ಟಿಗೆಗಳಲ್ಲಿ 'ಗೆಸ್ಟ್ ನೆಟ್‌ವರ್ಕ್' ಅಂತ ಒಂದು ಇರುತ್ತದೆ. ಅದೇ ಹೊರಗಿನ ಮಡಕೆ. ಗಿರಾಕಿ ಅದರಲ್ಲಿ ಇಂಟರ್‌ನೆಟ್ಟು ಬಳಸಬಹುದು, ನಿಮ್ಮ ಬಿಲ್ ಕಂಪ್ಯೂಟರಿನ ತನಕ ಹೋಗಲಾಗದು. ಕೇಬಲ್ಲಿನ ಹುಡುಗ ಮುಂದಿನ ಸಲ ಬಂದಾಗ ಹೇಳಿ, ಹತ್ತು ನಿಮಿಷದ ಕೆಲಸ. ಚೌಕುಳಿ ಮಾಡಿಸುವುದು ಆ ಗೆಸ್ಟಿನದ್ದಕ್ಕೆ ಮಾತ್ರ. ಮನೆಯವರ ವೈಫೈಗೆ ಚೌಕುಳಿ ಬೇಡವೇ ಬೇಡ.

ಇನ್ನಷ್ಟು ಸಣ್ಣ ಸಂಗತಿಗಳಿವೆ. ಚೌಕುಳಿಯನ್ನು ಗಾಜಿನ ಹೊರಗೆ ಬೀದಿಗೆ ಕಾಣುವಂತೆ ಅಂಟಿಸಬೇಡಿ, ಗಲ್ಲಾ ಮೇಲೆ ನಿಮ್ಮ ಕಣ್ಣಳತೆಯಲ್ಲಿ ಇಡಿ. ಕೆಳಗೆ ವೈಫೈ ಹೆಸರನ್ನು ದೊಡ್ಡದಾಗಿ ಬರೆಸಿ, ಗಿರಾಕಿ ಹೋಲಿಸಿ ನೋಡಲಿ. ತಿಂಗಳಿಗೊಮ್ಮೆ ಗೆಸ್ಟ್ ಪಾಸ್‌ವರ್ಡ್ ಬದಲಿಸಿ ಹೊಸ ಚೀಟಿ ಇಡಿ. ಜೆರಾಕ್ಸ್ ಅಂಗಡಿಯಲ್ಲಿ ಒಂದು ಪ್ರಿಂಟಿಗೆ ಎಷ್ಟಾದೀತು? ಬೆಳಗ್ಗೆ ಬಾಗಿಲು ತೆರೆದಾಗ ಎರಡೂ ಚೌಕುಳಿ ಮೇಲೆ ಉಗುರಾಡಿಸಿ ನೋಡಿ, ಮೇಲೊಂದು ಪದರ ಅಂಟಿದೆಯೇನೋ. ಕ್ಯಾಮೆರಾ ಇಲ್ಲದ ಫೋನಿನವರೂ, ಒಡೆದ ಕ್ಯಾಮೆರಾದವರೂ ಬರುತ್ತಾರೆ. ಅವರಿಗೆ ಪಾಸ್‌ವರ್ಡ್ ಬಾಯಲ್ಲಿ ಹೇಳುವ ತಾಳ್ಮೆಯೂ ಇರಲಿ. ಅದು ಗೆಸ್ಟಿನದ್ದಾದರೆ ಹೇಳಲು ಅಂಜಿಕೆ ಯಾಕೆ?

ದೊಡ್ಡವರಿಗೂ ಒಂದು ಮಾತು

ಅಂಗಡಿಯವರಿಗೆ ಇಷ್ಟು ಹೇಳಿ ಆಳುವವರನ್ನು ಬಿಟ್ಟರೆ ಈ ಅಂಕಣಕ್ಕೆ ಮರ್ಯಾದೆಯಲ್ಲ.

ದೇಶದ 2018ರ ದೂರಸಂಪರ್ಕ ನೀತಿ 2022ರೊಳಗೆ ಒಂದು ಕೋಟಿ ಸಾರ್ವಜನಿಕ ವೈಫೈ ತಾಣ ಮಾಡುತ್ತೇವೆ ಅಂದಿತ್ತು. 2022 ಬಂತು, ಹೋಯಿತು. ಒಂದು ಕೋಟಿ ಆಗಲಿಲ್ಲ. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ 'ಪಿಎಂ-ವಾಣಿ' ಯೋಜನೆಗೆ ಒಪ್ಪಿಗೆ ಕೊಟ್ಟಿತು. ಇದರಲ್ಲಿ ಚಹಾದಂಗಡಿ, ಕಿರಾಣಿ ಅಂಗಡಿಯವರೂ ಲೈಸೆನ್ಸು ಇಲ್ಲದೆ, ನೋಂದಣಿ ಶುಲ್ಕ ಇಲ್ಲದೆ ವೈಫೈ ಮಾರಬಹುದು. ಬಳಸುವವನ ಗುರುತಿನ ಜವಾಬ್ದಾರಿ ವ್ಯವಸ್ಥೆಯೊಳಗೇ ಇರುತ್ತದೆ, ಅಂಗಡಿಯವನ ತಲೆ ಮೇಲೆ ಪೂರಾ ಬೀಳುವುದಿಲ್ಲ. ಇದಕ್ಕೆ ಅಡ್ಡಿಯಾಗಿದ್ದ ದುಬಾರಿ ದರವನ್ನು ತಗ್ಗಿಸಲು 2025ರ ಜೂನಿನಲ್ಲಿ ಟ್ರಾಯ್ ಒಂದು ಆದೇಶ ಮಾಡಿತು: 200 ಎಂಬಿಪಿಎಸ್‌ವರೆಗಿನ ಮನೆ ಸಂಪರ್ಕಕ್ಕೆ ಏನು ದರವೋ ಅದರ ಎರಡು ಪಟ್ಟಿಗಿಂತ ಹೆಚ್ಚು ಇಂಥ ಅಂಗಡಿಯವರಿಂದ ತೆಗೆದುಕೊಳ್ಳಬಾರದು. ಒಳ್ಳೆಯ ಆದೇಶವೇ. ಆದರೆ ಮಂಡಿಪೇಟೆಯಲ್ಲಿ ಹತ್ತು ಜನರನ್ನು ನಿಲ್ಲಿಸಿ 'ವಾಣಿ' ಅಂದರೆ ಏನು ಅಂತ ಕೇಳಿ ನೋಡಿ. ರೇಡಿಯೋ ಸ್ಟೇಷನ್ ಹೆಸರು ಹೇಳಿಯಾರು. ಯೋಜನೆ ದಿಲ್ಲಿಯಲ್ಲಿ ಹುಟ್ಟಿ ಕಾಗದದಲ್ಲೇ ಮಲಗಿದರೆ ಯಾರಿಗೆ ಲಾಭ?

ದಾವಣಗೆರೆ 2016ರ ಜನವರಿಯಲ್ಲಿ ಪ್ರಕಟವಾದ ಮೊದಲ ಇಪ್ಪತ್ತು ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿದ್ದ ಊರು. ಆ ಹೆಸರಿಗಾದರೂ ಒಂದು ಕೆಲಸ ಆಗಬೇಕು. ಬಸ್ ನಿಲ್ದಾಣಗಳಲ್ಲಿ ಗುರುತು ಪರೀಕ್ಷಿಸುವ ಸಾರ್ವಜನಿಕ ವೈಫೈ ಇರಲಿ. ಅದರ ಚೌಕುಳಿಯನ್ನು ಕಾಗದದ ಚೀಟಿಯಲ್ಲಿ ಅಲ್ಲ, ಸುಲಭಕ್ಕೆ ಕೀಳಲಾಗದ ಲೋಹದ ಫಲಕದಲ್ಲಿ, ವೈಫೈ ಹೆಸರಿನ ಸಮೇತ, ಕನ್ನಡದಲ್ಲಿ ಬರೆಸಿ ಹಾಕಲಿ. 'ಇದನ್ನು ಬಿಟ್ಟು ಬೇರೆ ಚೀಟಿ ನಂಬಬೇಡಿ' ಅನ್ನುವ ಒಂದು ಸಾಲೂ ಇರಲಿ. ವಿಚಾರಣೆ ಕೌಂಟರಿನವರು ವಾರಕ್ಕೊಮ್ಮೆ ಅದನ್ನು ಓದಿಸಿ ನೋಡಲಿ. ವರ್ತಕರ ಸಂಘದವರು ಒಂದು ಭಾನುವಾರ ಕೂತು, ಗೆಸ್ಟ್ ನೆಟ್‌ವರ್ಕ್ ಮಾಡಿಕೊಳ್ಳುವುದು ಹೇಗೆ ಅಂತ ಸದಸ್ಯರಿಗೆ ತೋರಿಸಲಿ. ಕಾಲೇಜಿನ ಕಂಪ್ಯೂಟರ್ ವಿಭಾಗದ ಹುಡುಗ ಹುಡುಗಿಯರನ್ನು ಕರೆದರೆ ಮಂಡಕ್ಕಿ ಮಿರ್ಚಿ ಖರ್ಚಿನಲ್ಲಿ ಮಾಡಿಕೊಟ್ಟು ಹೋಗುತ್ತಾರೆ.

ಇದ್ಯಾವುದಕ್ಕೂ ಕೋಟಿ ರೂಪಾಯಿ ಟೆಂಡರು ಬೇಕಿಲ್ಲ, ಶಂಕುಸ್ಥಾಪನೆಯ ಕಲ್ಲೂ ಬೇಕಿಲ್ಲ. ಬಹುಶಃ ಅದಕ್ಕೇ ಯಾರೂ ಮಾಡಲು ಮುಂದೆ ಬರುತ್ತಿಲ್ಲವೇನೋ! ಸಂಬಂಧಪಟ್ಟವರು ಇತ್ತ ಗಮನ ಹರಿಸುವ ತನಕ ನಾವೇ ಶುರು ಮಾಡೋಣ. ಅರವಟ್ಟಿಗೆ ಇಡಿ, ಧಾರಾಳವಾಗಿ ಇಡಿ. ಬಾವಿಗೆ ಮಾತ್ರ ಕಟ್ಟೆ ಕಟ್ಟಿಸಿ.